ಬಿಸಿಲು ಬಲ್ಲವರು ಕಂಡ ಬಿಸಿಲ ನಾಡು

ನಮ್ಮ ಸಮಾಜದ ಮನೆಗಳಲ್ಲಿ ಮಕ್ಕಳು ಅಮೆರಿಕಾದಲ್ಲಿರುವ ಸಂಗತಿ ಈಗ ಹೊಸದೇನೂ ಅಲ್ಲ. ಮೊದಲು ನ್ಯೂಜೆರ್ಸಿ, ಷಿಕಾಗೋ, ಕ್ಯಾಲಿಫೋರ್ನಿಯಾಗಳ ಹೆಸರೇ ಹೆಚ್ಚಾಗಿ ಕೇಳಿಬರುತ್ತಿತ್ತು. ಈಚಿನ ವರ್ಷಗಳಲ್ಲಿ ಅರಿಜೋನಾ ರಾಜ್ಯದ ಫೀನಿಕ್ಸ್, ಚಾಂಡ್ಲರ್, ಟೂಸಾನ್ ಎಂಬ ಊರುಗಳ ಹೆಸರೂ ಕಿವಿಗೆ ಬೀಳುತ್ತಿದೆ. ಗಣಕಯಂತ್ರದ ಚಿಪ್ಪುಗಳನ್ನು ತಯಾರಿಸುವ ದೊಡ್ಡ ಕಾರ್ಖಾನೆಗಳು ಅಲ್ಲಿರುವುದು ಇದಕ್ಕೊಂದು ಕಾರಣ. ಮಕ್ಕಳು ಕರೆದರೆಂದು, ಮೊಮ್ಮಗು ಹುಟ್ಟಿತೆಂದು ತಂದೆತಾಯಂದಿರು ಕೆಲವು ತಿಂಗಳ ಮಟ್ಟಿಗೆ ಹೊರಡುತ್ತಾರೆ. "ಅಲ್ಲಿ ಬಿಸಿಲು ಬಹಳವಂತೆ" ಎಂದು ಯಾರಾದರೂ ಎಚ್ಚರಿಸಿದರೆ ವಿಜಯಪುರ, ಕಲಬುರಗಿ, ರಾಯಚೂರು ಕಡೆಯ ಹಿರಿಯರು ನಕ್ಕುಬಿಡುವುದುಂಟು. ಬಿಸಿಲಿನಲ್ಲಿಯೇ ಹುಟ್ಟಿ ಬೆಳೆದವರಿಗೆ ಬಿಸಿಲಿನ ಭಯವೆ ಎಂಬುದು ಅವರ ಪ್ರಶ್ನೆ. ಆ ನಗುವಿನಲ್ಲಿ ಒಂದು ಅಪಾಯ ಅಡಗಿದೆಯೆಂದು ನಮಗೆ ಅನಿಸಿರುವುದರಿಂದ ಈ ತಿಂಗಳು ಆ ನಾಡಿನ ದಿನಚರಿಯನ್ನೂ, ಅಲ್ಲಿನ ತಿರುಗಾಟಗಳನ್ನೂ ಕುರಿತು ಬರೆಯುತ್ತಿದ್ದೇವೆ.

ನಾವು ಮಾರ್ಚ್ ತಿಂಗಳಿನಿಂದ ಆಗಸ್ಟ್ ಕೊನೆಯವರೆಗೆ ಚಾಂಡ್ಲರಿನಲ್ಲಿ ಮಗಳ ಮನೆಯಲ್ಲಿದ್ದೆವು. ಮರುಭೂಮಿಯೆಂದರೆ ಮರಳು ದಿಬ್ಬ, ಒಂಟೆ ಎಂದು ತಿಳಿದವರಿಗೆ ಸೊನೋರಾ ಮರುಭೂಮಿ ಬೇರೆಯೇ ನೋಟವನ್ನು ನೀಡುತ್ತದೆ. ಫೀನಿಕ್ಸ್ ಪ್ರದೇಶದಲ್ಲಿ ವರ್ಷಕ್ಕೆ ಬೀಳುವ ಮಳೆ ಹೆಚ್ಚೆಂದರೆ 200 ಮಿಲಿಮೀಟರ್. ನಮ್ಮ ವಿಜಯಪುರದ ಬರಪೀಡಿತ ನೆಲದಲ್ಲಿಯೂ ಅದರ ಮೂರು ಪಟ್ಟು ಬೀಳುತ್ತದೆ. ಆದರೆ ಆ ಸ್ವಲ್ಪ ಮಳೆ ಚಳಿಗಾಲದಲ್ಲೊಮ್ಮೆ, ಬೇಸಿಗೆಯ ಕೊನೆಯಲ್ಲೊಮ್ಮೆ ಎರಡು ಕಂತಿನಲ್ಲಿ ಬರುವುದರಿಂದ ಬೆಟ್ಟಗಳೆಲ್ಲ ಮುಳ್ಳುಗಿಡ, ಕಳ್ಳಿ, ಹಸಿರು ತೊಗಟೆಯ ಪಾಲೋವರ್ಡೆ ಮರಗಳಿಂದ ತುಂಬಿರುತ್ತವೆ. ಮಾರ್ಚಿಯಲ್ಲಿ ಹೋದವರು ಹಳದಿ ಹೂಗಳನ್ನು ಕಂಡು ಇದೆಂಥ ಮರುಭೂಮಿ ಎಂದು ಕೇಳುತ್ತಾರೆ. ಜೂನ್ ಬರುವವರೆಗೆ ಆ ಪ್ರಶ್ನೆ ಇರುತ್ತದೆ.

ನಮ್ಮ ಬಿಸಿಲಿಗೂ ಅಲ್ಲಿಯ ಬಿಸಿಲಿಗೂ ಇರುವ ವ್ಯತ್ಯಾಸವನ್ನು ಮೊದಲು ಹೇಳಬೇಕು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳು ಉರಿದು ಜೂನಿನಲ್ಲಿ ಮೋಡ ಕವಿಯುತ್ತದೆ. ಅಲ್ಲಿ ಜೂನಿನಲ್ಲಿ ಉರಿ ಬಲಿಯುತ್ತದೆ, ಸೆಪ್ಟೆಂಬರಿನವರೆಗೂ ಬಿಡುವುದಿಲ್ಲ. 1990ರ ಜೂನ್ 26ರಂದು ಫೀನಿಕ್ಸಿನಲ್ಲಿ ತಾಪಮಾನ 50 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. 2023ರಲ್ಲಿ ಸತತ 31 ದಿನ 43 ಡಿಗ್ರಿಗೆ ಮೇಲ್ಪಟ್ಟೇ ಇತ್ತು. ಮರುವರ್ಷ, ಅಂದರೆ 2024ರಲ್ಲಿ, 38 ಡಿಗ್ರಿಯ ಆಸುಪಾಸು ಅಥವಾ ಅದಕ್ಕೂ ಮೇಲಿನ ಬಿಸಿ ಒಂದು ದಿನವೂ ತಪ್ಪದೆ 113 ದಿನ ನಿಂತಿತು. ಅದಕ್ಕೆ ಹಿಂದಿನ ದಾಖಲೆ 1993ರ 76 ದಿನಗಳು. ಇವು ಹಗಲಿನ ಲೆಕ್ಕ. ರಾತ್ರಿಯ ಲೆಕ್ಕ ಇನ್ನೂ ಕಠಿಣ. 2023ರ ಜುಲೈನಲ್ಲಿ ಹದಿನಾರು ದಿನ ಒಂದೇ ಸಮನೆ ನಡುರಾತ್ರಿ ಕಳೆದು ಬೆಳಗಾದರೂ ಗಾಳಿ 32 ಡಿಗ್ರಿಗಿಂತ ತಣ್ಣಗಾಗಲಿಲ್ಲ. ಹಗಲೆಲ್ಲ ಕಾಯ್ದ ಡಾಂಬರು, ಕಾಂಕ್ರೀಟು, ಗೋಡೆಗಳು ರಾತ್ರಿ ಆ ಬಿಸಿಯನ್ನು ಉಗುಳುವುದೇ ಇದಕ್ಕೆ ಕಾರಣ. ಮಾಳಿಗೆಯ ಮೇಲೆ ಚಾಪೆ ಹಾಸಿ, ತಂಗಾಳಿಗೆ ಮೈಯೊಡ್ಡಿ ಮಲಗಿದವರ ಅನುಭವ ಅಲ್ಲಿ ಉಪಯೋಗಕ್ಕೆ ಬಾರದು.

ಎರಡನೆಯದು ಬೆವರಿನ ಮೋಸ. ಅಲ್ಲಿಯ ಗಾಳಿ ಎಷ್ಟು ಒಣಗಿರುತ್ತದೆಂದರೆ ಬೆವರು ಹೊರಬಂದ ಕ್ಷಣದಲ್ಲಿಯೇ ಆರಿಹೋಗುತ್ತದೆ. ಅಂಗಿ ಒದ್ದೆಯಾಗದು, ಹಣೆಯಿಂದ ನೀರಿಳಿಯದು. ತೋಳಿನ ಮೇಲೆ ಉಪ್ಪಿನ ಬಿಳಿ ಪೊರೆ ಮಾತ್ರ ಉಳಿಯುತ್ತದೆ. ನಾನು ಬೆವರಲೇ ಇಲ್ಲ, ನೀರೇಕೆ ಕುಡಿಯಲಿ ಎಂದು ಹಿರಿಯರು ವಾದಿಸುವುದು ಇದರಿಂದಲೇ. ಬಾಯಾರಿಕೆಯಾಗುವ ಹೊತ್ತಿಗೆ ದೇಹ ಆಗಲೇ ಸಾಕಷ್ಟು ನೀರನ್ನು ಕಳೆದುಕೊಂಡಿರುತ್ತದೆ. ರಕ್ತದೊತ್ತಡಕ್ಕೆ, ಹೃದಯಕ್ಕೆ ಗುಳಿಗೆ ನುಂಗುವವರಿಗೆ ಇದು ಇನ್ನೂ ಸೂಕ್ಷ್ಮ. ಕೆಲವು ಗುಳಿಗೆಗಳು ಮೈಯ ನೀರನ್ನು ಹೊರಹಾಕುವಂಥವೇ ಆಗಿರುತ್ತವೆ. ಹೊರಡುವ ಮುಂಚೆ ವೈದ್ಯರನ್ನು ಕೇಳಿಕೊಳ್ಳುವುದು ಒಳ್ಳೆಯದು. ಫೀನಿಕ್ಸ್ ಇರುವ ಮಾರಿಕೋಪಾ ಜಿಲ್ಲೆಯಲ್ಲಿ 2023ರ ಒಂದೇ ವರ್ಷದಲ್ಲಿ ಬಿಸಿಲಿನ ಸಂಬಂಧದಿಂದ ಸತ್ತವರು 645 ಮಂದಿ. ಬಹುಪಾಲು ಮನೆಯಿಲ್ಲದವರು, ಮುದುಕರು, ತಂಪುಯಂತ್ರ ಕೆಟ್ಟು ಒಳಗೇ ಉಳಿದವರು. 2018ರಲ್ಲಿ ವಿದ್ಯುತ್ ಬಾಕಿ ಉಳಿಸಿಕೊಂಡಿದ್ದ ವೃದ್ಧೆಯೊಬ್ಬರ ಮನೆಯ ಸಂಪರ್ಕವನ್ನು ಬೇಸಿಗೆಯಲ್ಲಿ ಕಡಿದಾಗ ಅವರು ಒಳಗೇ ಅಸುನೀಗಿದರು. ಬಾಕಿ 51 ಡಾಲರ್ ಮಾತ್ರ. ಆ ಮೇಲೆ, 2019ರಲ್ಲಿ, ಕಡು ಬೇಸಿಗೆಯಲ್ಲಿ ಸಂಪರ್ಕ ಕಡಿಯಬಾರದೆಂದು ರಾಜ್ಯದ ನಿಯಂತ್ರಕ ಆಯೋಗವು ಕಟ್ಟಳೆ ಮಾಡಿತು. ಸಿರಿವಂತ ದೇಶದಲ್ಲಿಯೂ ಕಟ್ಟಳೆ ಬರಲು ಒಂದು ಜೀವ ಹೋಗಬೇಕಾಯಿತು.

ಇನ್ನು ದಿನಚರಿ. ಅಲ್ಲಿಯ ಮನೆವಾರ್ತೆಯನ್ನು ನಡೆಸುವುದು ಸೂರ್ಯನೇ. ಬೆಳಗಿನ ನಾಲ್ಕೂವರೆಗೆ ಎದ್ದು ಸ್ನಾನ, ಪೂಜೆ ಮುಗಿಸುವ ನಮ್ಮ ಹಿರಿಯರ ಅಭ್ಯಾಸ ಅಲ್ಲಿ ಬಹಳ ಸಲ್ಲುತ್ತದೆ. ಐದು ಗಂಟೆಗೆ ಕಾಲುವೆಯ ಏರಿಯ ಮೇಲೆ ನಡೆಯಲು ಹೋದರೆ ಅರ್ಧ ಊರೇ ಅಲ್ಲಿರುತ್ತದೆ. ಏಳೂವರೆಗೆ ಎಲ್ಲರೂ ಮಾಯ. ಆ ಮೇಲೆ ಸಂಜೆ ಹೊತ್ತು ಮುಳುಗುವವರೆಗೂ ಬೀದಿಯಲ್ಲಿ ಮನುಷ್ಯರು ಕಾಣುವುದಿಲ್ಲ. ಕಾರುಗಳು ಮಾತ್ರ ಓಡಾಡುತ್ತವೆ. ಜುಲೈನಲ್ಲಿ ತಣ್ಣೀರಿನ ನಲ್ಲಿಯನ್ನು ತಿರುಗಿಸಿದರೆ ಬಿಸಿನೀರು ಬರುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನ ಬೆಲ್ಟಿನ ಕೊಂಡಿ ಮಗುವಿನ ತೊಡೆಗೆ ತಾಗಿದರೆ ಬೊಬ್ಬೆ ಏಳುತ್ತದೆ. ನಾಯಿಗಳಿಗೂ ಪಾದರಕ್ಷೆ ತೊಡಿಸುತ್ತಾರೆ, ನಗಬೇಡಿ. ಮಧ್ಯಾಹ್ನದ ಡಾಂಬರು ರಸ್ತೆ 70 ಡಿಗ್ರಿಯನ್ನೂ ಮೀರುವುದರಿಂದ ಅದರ ಮೇಲೆ ಮುಗ್ಗರಿಸಿ ಬಿದ್ದು ಬೇಗ ಏಳಲಾರದ ವೃದ್ಧರು ತೀವ್ರ ಸುಟ್ಟಗಾಯಗಳೊಂದಿಗೆ ಆಸ್ಪತ್ರೆ ಸೇರುವುದು ಪ್ರತಿ ಬೇಸಿಗೆಯಲ್ಲಿಯೂ ನಡೆಯುತ್ತದೆ. ಆದುದರಿಂದ ಮನೆಯ ಮುಂದಿನ ಅಂಚೆಪೆಟ್ಟಿಗೆಯವರೆಗೆ ತಾನೇ ಎಂದು ಬರಿಗಾಲಿನಲ್ಲಿ ಹೊರಡುವ ತಾಯಂದಿರನ್ನು ತಡೆಯಬೇಕು.

ಗಡಿಯಾರವೂ ಅಲ್ಲಿ ಬಿಸಿಲಿನ ಮಾತನ್ನೇ ಕೇಳಿದೆ. ಅಮೆರಿಕಾದ ಬಹುತೇಕ ರಾಜ್ಯಗಳು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕಿಡುತ್ತವೆ. ಸಂಜೆ ಇನ್ನೊಂದು ಗಂಟೆ ಬಿಸಿಲು ಯಾರಿಗೆ ಬೇಕು ಎಂದು ಅರಿಜೋನಾ 1968ರಲ್ಲಿ ಆ ಪದ್ಧತಿಯಿಂದ ಹೊರಗುಳಿಯಿತು. ನವಾಹೋ ಜನರ ಸೀಮೆ ಮಾತ್ರ ಅದನ್ನು ಪಾಲಿಸುತ್ತದೆ. ಹೀಗಾಗಿ ನಮಗೂ ಅವರಿಗೂ ನಡುವೆ ವರ್ಷವಿಡೀ ಹನ್ನೆರಡೂವರೆ ಗಂಟೆಗಳ ಅಂತರ. ಊರಿಗೆ ದೂರವಾಣಿ ಮಾಡುವ ಹೊತ್ತನ್ನು ಬದಲಿಸುವ ತೊಂದರೆಯಿಲ್ಲ.

ಹಳೆಯ ಮನೆಗಳ ಮೇಲೆ ಈಗಲೂ ದೊಡ್ಡ ಪೆಟ್ಟಿಗೆಗಳು ಕಾಣುತ್ತವೆ. ಒದ್ದೆ ಮರದ ನಾರಿನ ಮೂಲಕ ಗಾಳಿಯನ್ನು ಎಳೆದು ತಂಪು ಮಾಡುವ ಯಂತ್ರವದು. ಕಲಬುರಗಿಯ ಮನೆಗಳಲ್ಲಿ ಏಪ್ರಿಲ್ ಬರುತ್ತಲೇ ಹೊರತೆಗೆಯುವ ಕೂಲರೇ. 1930ರ ದಶಕದಲ್ಲಿ ಅದು ಅರಿಜೋನಾದಲ್ಲಿ ಮನೆಮನೆಗೂ ಹರಡಿತು. ಅದಕ್ಕೂ ಮುಂಚೆ ಜನ ಒದ್ದೆ ಹೊದಿಕೆ ಸುತ್ತಿಕೊಂಡು ಜಗಲಿಯಲ್ಲಿ ಮಲಗುತ್ತಿದ್ದರಂತೆ.

ರೋಗದ ಮಾತೊಂದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಆ ನೆಲದ ಧೂಳಿನಲ್ಲಿ ಒಂದು ಬಗೆಯ ಶಿಲೀಂಧ್ರವಿದ್ದು, ಉಸಿರಿನೊಡನೆ ಒಳಹೋದರೆ ಒಂದರಿಂದ ಮೂರು ವಾರಗಳ ನಂತರ ಜ್ವರ, ಕೆಮ್ಮು, ಅತೀವ ಆಯಾಸ ಕಾಣಿಸಬಹುದು. ಅದನ್ನು ವ್ಯಾಲಿ ಫೀವರ್ ಎನ್ನುತ್ತಾರೆ. ಹೆಚ್ಚಿನವರಿಗೆ ತಾನಾಗಿಯೇ ವಾಸಿಯಾಗುತ್ತದೆ, ಕೆಲವರಿಗೆ ಆಗುವುದಿಲ್ಲ. ಎದೆಯ ಚಿತ್ರದಲ್ಲಿ ಅದು ಕ್ಷಯದಂತೆ ತೋರಬಹುದು. ಆದುದರಿಂದ ಊರಿಗೆ ಮರಳಿದ ಮೇಲೆ ವಾರಗಟ್ಟಲೆ ಕೆಮ್ಮು ನಿಲ್ಲದಿದ್ದರೆ ತಾವು ಅರಿಜೋನಾದಲ್ಲಿದ್ದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಇಲ್ಲಿಯ ವೈದ್ಯರಿಗೆ ಅದು ಸುಲಭವಾಗಿ ಹೊಳೆಯುವ ರೋಗವಲ್ಲ.

ಇಷ್ಟೆಲ್ಲ ಕೇಳಿ ಮನೆಯೊಳಗೇ ಕುಳಿತರಾಯಿತು ಎನ್ನುವವರಿದ್ದಾರೆ. ಹಾಗೆ ಕುಳಿತು ಆರು ತಿಂಗಳನ್ನು ದೂರದರ್ಶನದ ಮುಂದೆ ಕಳೆದು ಬಂದವರನ್ನೂ ನಾವು ಬಲ್ಲೆವು, ಅವರಿಗಾಗಿ ಮರುಗುತ್ತೇವೆ. ಮುಂಜಾನೆ ಐದಕ್ಕೆ ಹೊರಟು ಒಂಬತ್ತಕ್ಕೆ ಹಿಂದಿರುಗುವ ತಿರುಗಾಟ ಬೇಸಿಗೆಯಲ್ಲಿಯೂ ಸಾಧ್ಯ. ಫೀನಿಕ್ಸಿನಲ್ಲಿ 1939ರಲ್ಲಿ ಸ್ಥಾಪನೆಯಾದ ಮರುಭೂಮಿ ಸಸ್ಯೋದ್ಯಾನವಿದೆ. ಅಲ್ಲಿಂದ 180 ಕಿಲೋಮೀಟರ್ ದೂರದ ಟೂಸಾನಿನ ಇಕ್ಕೆಲಗಳಲ್ಲಿ ಸಗುವಾರೋ ರಾಷ್ಟ್ರೀಯ ಉದ್ಯಾನವಿದೆ. ನಮಗೆ ಎಲ್ಲಕ್ಕಿಂತ ಪ್ರಿಯವಾದುದು ಅದು. ಸಗುವಾರೋ ಎಂಬುದು ಕಂಬದಂತೆ ಬೆಳೆಯುವ ಕಳ್ಳಿ. ಮೊದಲ ಹತ್ತು ವರ್ಷಗಳಲ್ಲಿ ಗೇಣುದ್ದವೂ ಆಗುವುದಿಲ್ಲ. ಆ ಎಳವೆಯಲ್ಲಿ ಯಾವುದಾದರೊಂದು ಪಾಲೋವರ್ಡೆ ಅಥವಾ ಮೆಸ್ಕೀಟ್ ಮರದ ನೆರಳಿಲ್ಲದಿದ್ದರೆ ಅದು ಬದುಕಲಾರದು. ಅಂಥ ಮರವನ್ನು ಅಲ್ಲಿಯವರು ದಾದಿಮರ ಎಂದೇ ಕರೆಯುತ್ತಾರೆ. ಮೊದಲ ತೋಳು ಮೂಡಲು 50ರಿಂದ 75 ವರ್ಷ ಬೇಕು. ನೂರೈವತ್ತು ವರ್ಷ ಬದುಕಿ 12 ಮೀಟರಿಗೂ ಮೀರಿ ನಿಂತ ಕಳ್ಳಿಯ ಬುಡದಲ್ಲಿ ನಿಂತಾಗ, ನಮ್ಮ ಅಜ್ಜನ ಅಜ್ಜನ ಕಾಲದಲ್ಲಿ ಇದು ಮೊಳೆತಿತ್ತೆಂಬ ಲೆಕ್ಕ ತಾನಾಗಿ ಮನಸ್ಸಿಗೆ ಬರುತ್ತದೆ. ಬೇರು ಆಳಕ್ಕೆ ಹೋಗುವುದಿಲ್ಲ. ಮೇಲ್ಮಣ್ಣಿನಲ್ಲಿಯೇ ಸುತ್ತ ಹರಡಿ, ಬಿದ್ದ ಮಳೆಯನ್ನು ಹೀರಿಕೊಂಡು, ಕಾಂಡದ ನೆರಿಗೆಗಳು ಉಬ್ಬುತ್ತವೆ. ಬರ ಬಂದಂತೆ ನೆರಿಗೆ ಮುದುಡುತ್ತದೆ. 2023ರ ಬೇಸಿಗೆಯಲ್ಲಿ ಈ ಹಿರಿಯ ಗಿಡಗಳೂ ತೋಳು ಕಳಚಿಕೊಂಡು ಕುಸಿದವು. ಅವು ರಾತ್ರಿಯ ತಂಪಿನಲ್ಲಿ ಉಸಿರಾಡುವ ಜಾತಿಯವು. ರಾತ್ರಿಯೂ ತಂಪಾಗದಿದ್ದರೆ ಅವುಗಳಿಗೂ ಉಪಾಯವಿಲ್ಲ.

ಟೊಹೋನೊ ಓದಮ್ ಎಂಬುವರು ಆ ನೆಲದ ಮೂಲನಿವಾಸಿಗಳು. ಆ ಹೆಸರಿಗೆ ಮರುಭೂಮಿಯ ಜನ ಎಂದೇ ಅರ್ಥ. ಜೂನ್ ಕೊನೆಯಲ್ಲಿ, ಉರಿಯ ನಡುವೆ, ಸಗುವಾರೋ ಹಣ್ಣಾಗುತ್ತದೆ. ಒಣಗಿದ ಕಳ್ಳಿಯ ಉದ್ದನೆಯ ಕಡ್ಡಿಗಳನ್ನೇ ಜೋಡಿಸಿ ಮಾಡಿದ ದೋಟಿಯಿಂದ ಹೆಣ್ಣುಮಕ್ಕಳು ನಸುಕಿನಲ್ಲಿ ಹಣ್ಣು ಕೆಡಹುತ್ತಾರೆ. ಒಳಗಿನ ಕೆಂಪು ತಿರುಳನ್ನು ತೆಗೆದುಕೊಂಡು, ಸಿಪ್ಪೆಯ ಕೆಂಪು ಭಾಗ ಆಕಾಶಕ್ಕೆ ಮುಖ ಮಾಡುವಂತೆ ನೆಲದ ಮೇಲಿಡುತ್ತಾರೆ. ಅದು ಮಳೆಯನ್ನು ಕರೆಯುವ ಕ್ರಮ. ಅವರ ಹೊಸವರ್ಷ ಆರಂಭವಾಗುವುದೂ ಆಗಲೇ. ಗುರ್ಜಿ ಹೊತ್ತು ಮಳೆ ಬೇಡುವ ನಮ್ಮ ಸೀಮೆಯ ಮಕ್ಕಳನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅವರ ಅಡುಗೆಯ ಟೆಪರಿ ಎಂಬ ಕಾಳು ನಮ್ಮ ಮಡಕಿಯನ್ನು ನೆನಪಿಗೆ ತರುತ್ತದೆ. ಒಂದೆರಡು ಮಳೆಗೆ ಬೆಳೆದು ಕೈಗೆ ಬರುತ್ತದೆ. ಮಗಳು ಅದರ ಉಸಳಿ ಮಾಡಿದ್ದಳು, ರೊಟ್ಟಿಗೆ ಚೆನ್ನಾಗಿ ಹೊಂದಿತು. ಇನ್ನೊಂದು ಸಂಗತಿ ನಮ್ಮನ್ನು ಬಹಳ ಯೋಚನೆಗೀಡುಮಾಡಿತು. ನಾವು ಶಾಪವೆಂದು ಬೈಯುವ ಬಳ್ಳಾರಿ ಜಾಲಿಯ ಹತ್ತಿರದ ಬಂಧುವೇ ಅಲ್ಲಿಯ ಮೆಸ್ಕೀಟ್. ಅದರ ಸಿಹಿಯಾದ ಕಾಯನ್ನು ಒಣಗಿಸಿ, ಬೀಸಿ, ಹಿಟ್ಟು ಮಾಡಿ ಆ ಜನ ಸಾವಿರಾರು ವರ್ಷ ಉಂಡಿದ್ದಾರೆ. ಗಿಡ ನಮ್ಮಲ್ಲಿಗೆ ಬಂತು, ಅದನ್ನು ಉಣ್ಣುವ ತಿಳಿವಳಿಕೆ ಬರಲಿಲ್ಲ.

ಜುಲೈನಲ್ಲಿ ಮಳೆಗಾಲ. ಅದನ್ನು ಅವರೂ ಮಾನ್ಸೂನ್ ಎಂದೇ ಕರೆಯುವುದನ್ನು ಕೇಳಿ ನಮಗೆ ಸಂತೋಷವಾಯಿತು. ಮೊದಲು ಗೋಡೆಯಂತೆ ಧೂಳು ಎದ್ದುಬರುತ್ತದೆ. ದಾರಿಯಲ್ಲಿದ್ದರೆ ಕಾರನ್ನು ರಸ್ತೆಯಿಂದ ಪೂರ್ತಿ ಆಚೆಗೆ ನಿಲ್ಲಿಸಿ, ದೀಪಗಳನ್ನೆಲ್ಲ ಆರಿಸಿ, ಬ್ರೇಕಿನಿಂದ ಕಾಲು ತೆಗೆದು ಕುಳಿತುಕೊಳ್ಳಬೇಕೆಂಬುದು ಅಲ್ಲಿಯ ನಿಯಮ. ದೀಪ ಉರಿಯುತ್ತಿದ್ದರೆ ಹಿಂದಿನವನು ಅದನ್ನೇ ದಾರಿಯೆಂದು ನಂಬಿ ಬಂದು ಗುದ್ದುತ್ತಾನೆ. ಮಳೆ ಬೀಳುವ ಮುಂಚೆ ಕ್ರಿಯೋಸೋಟ್ ಎಂಬ ಪೊದೆಯಿಂದ ಗಾಢವಾದ ವಾಸನೆ ಹಬ್ಬುತ್ತದೆ. ಅಲ್ಲಿ ಹುಟ್ಟಿದ ಮೊಮ್ಮಕ್ಕಳಿಗೆ ಮಳೆಯ ವಾಸನೆಯೆಂದರೆ ಅದೇ. ಒಣಹಳ್ಳಗಳು ಎಲ್ಲೋ ದೂರದ ಮಳೆಗೆ ಕ್ಷಣಾರ್ಧದಲ್ಲಿ ತುಂಬಿ ಹರಿಯುತ್ತವೆ. ತಡೆಗಟ್ಟೆ ಹಾಕಿದ ಹಳ್ಳಕ್ಕೆ ಕಾರು ನುಗ್ಗಿಸಿ ಸಿಕ್ಕಿಬಿದ್ದವನಿಂದ ರಕ್ಷಣೆಯ ವೆಚ್ಚವನ್ನು ವಸೂಲು ಮಾಡುವ ಕಾನೂನು ಆ ರಾಜ್ಯದಲ್ಲಿದೆ. ಜನ ಅದಕ್ಕೆ ಮೂರ್ಖ ಚಾಲಕರ ಕಾನೂನು ಎಂದು ಹೆಸರಿಟ್ಟಿದ್ದಾರೆ.

ನಾವು ನಿತ್ಯ ನಡೆಯುತ್ತಿದ್ದ ಕಾಲುವೆಗಳ ಕಥೆ ಹೇಳದೆ ಈ ಬರಹ ಮುಂದೆ ಹೋಗದು. ಸಾವಿರ ವರ್ಷಕ್ಕೂ ಹಿಂದೆ ಹೊಹೊಕಂ ಎಂದು ಕರೆಯಲಾಗುವ ಜನ ಸಾಲ್ಟ್ ನದಿಯಿಂದ ನೂರಾರು ಮೈಲಿ ಕಾಲುವೆಗಳನ್ನು ಕೈಯಿಂದಲೇ ತೋಡಿ ಬೇಸಾಯ ಮಾಡಿದ್ದರು. 15ನೆಯ ಶತಮಾನದ ಹೊತ್ತಿಗೆ ಆ ಊರುಗಳು ಹಾಳುಬಿದ್ದವು. 1860ರ ದಶಕದ ಕೊನೆಯಲ್ಲಿ ಬಂದ ಬಿಳಿಯರು ಅದೇ ಕಾಲುವೆಗಳ ಜಾಡಿನಲ್ಲಿ ಮತ್ತೆ ನೀರು ಹರಿಸಿದರು. ಬೂದಿಯಿಂದ ಮೇಲೆದ್ದು ಬರುವ ಕಥೆಯ ಹಕ್ಕಿಯ ಹೆಸರು ಊರಿಗೆ ಬಂದದ್ದು ಹಾಗೆ. ಆದರೆ ಗೀಲಾ ನದಿಯ ದಂಡೆಯಲ್ಲಿ ಬೇಸಾಯ ಮಾಡಿಕೊಂಡಿದ್ದ ಆಕಿಮೆಲ್ ಓದಮ್ ಜನರ, ಅಂದರೆ ನದಿಯ ಜನರ, ನೀರನ್ನು ಮೇಲಿನ ಭಾಗದವರು 19ನೆಯ ಶತಮಾನದ ಕೊನೆಯಲ್ಲಿ ತಿರುಗಿಸಿಕೊಂಡರು. ಗೋಧಿ ಬೆಳೆದು ಮಾರುತ್ತಿದ್ದವರು ಹಸಿವಿನಿಂದ ಸತ್ತರು. ಅವರ ಹಕ್ಕನ್ನು ಒಪ್ಪಿ ಕಾಯಿದೆಯಾದದ್ದು 2004ರಲ್ಲಿ. ಕೃಷ್ಣೆಯ, ಕಾವೇರಿಯ ತೀರ್ಪುಗಳಿಗೆ ಕಾದು ಕುಳಿತ ನಮಗೆ ಈ ನೂರು ವರ್ಷದ ಕಾಯುವಿಕೆ ಏನೆಂದು ತಿಳಿಯುತ್ತದೆ. ಆದರೂ ನಮ್ಮ ನೆಲದಲ್ಲಿಯೇ ನಮ್ಮ ನದಿ ಪೂರ್ತಿ ಬತ್ತಿಹೋದ ಅನುಭವ ನಮಗಿಲ್ಲ.

ಈಗ ಫೀನಿಕ್ಸ್, ಟೂಸಾನುಗಳು ಕುಡಿಯುವ ನೀರಿನಲ್ಲಿ ದೊಡ್ಡ ಪಾಲು ಕೊಲರಾಡೋ ನದಿಯದು. 1973ರಲ್ಲಿ ಆರಂಭಿಸಿ 1993ರಲ್ಲಿ ಮುಗಿಸಿದ 540 ಕಿಲೋಮೀಟರ್ ಉದ್ದದ ಕಾಲುವೆಯೊಂದು ನೀರನ್ನು 800 ಮೀಟರಿಗೂ ಹೆಚ್ಚು ಮೇಲೆತ್ತಿ ಮರುಭೂಮಿಯನ್ನು ದಾಟಿಸುತ್ತದೆ. 1922ರಲ್ಲಿ ಏಳು ರಾಜ್ಯಗಳು ನದಿಯನ್ನು ಹಂಚಿಕೊಂಡಾಗ ನದಿಯಲ್ಲಿ ಇರುವುದಕ್ಕಿಂತ ಹೆಚ್ಚು ನೀರನ್ನು ಕಾಗದದ ಮೇಲೆ ಹಂಚಿಕೊಂಡರು. ಹೂವರ್ ಅಣೆಕಟ್ಟಿನ ಹಿಂದಿನ ಮೀಡ್ ಸರೋವರವು 2022ರ ಜುಲೈನಲ್ಲಿ 1930ರ ದಶಕದಲ್ಲಿ ತುಂಬಿದಂದಿನಿಂದ ಕಾಣದಷ್ಟು ಕೆಳಗಿಳಿಯಿತು. ಸುತ್ತಲಿನ ಬಂಡೆಗಳ ಮೇಲೆ ಹಳೆಯ ನೀರಿನ ಮಟ್ಟ ಬಿಳಿಯ ಪಟ್ಟೆಯಾಗಿ ಉಳಿದಿದೆ. ಅದೇ ವರ್ಷ ಅರಿಜೋನಾದ ಪಾಲಿನಲ್ಲಿ ಸುಮಾರು ಶೇಕಡಾ 18 ಕಡಿತವಾಯಿತು. ನಗರಗಳು ಹುಲ್ಲುಹಾಸನ್ನು ಕಿತ್ತು ಅಂಗಳಕ್ಕೆ ಗರಸು ಹಾಸಿಕೊಂಡಿವೆ. ಮಗಳ ಮನೆಯ ಮುಂದೆಯೂ ಕಲ್ಲು, ಎರಡು ಕಳ್ಳಿ ಇಷ್ಟೇ. ಆದರೆ ರಾಜ್ಯದ ನೀರಿನಲ್ಲಿ ಮುಕ್ಕಾಲು ಪಾಲಿಗೆ ಸಮೀಪ ಹೋಗುವುದು ಹೊಲಗಳಿಗೆ, ಅದರಲ್ಲಿಯೂ ಮೇವಿನ ಸೊಪ್ಪಿಗೆ. ಸೌದಿ ಅರೇಬಿಯಾದ ಡೈರಿಗಳಿಗೆ ಇಲ್ಲಿ ಮೇವು ಬೆಳೆದು ಹಡಗಿನಲ್ಲಿ ಸಾಗಿಸುವವರೂ ಇದ್ದು, ಅಂಥ ಗುತ್ತಿಗೆಗಳನ್ನು 2023ರಲ್ಲಿ ರಾಜ್ಯಪಾಲೆ ಕೊನೆಗೊಳಿಸಲು ಕ್ರಮ ಕೈಗೊಂಡರು. ಮರುಭೂಮಿಯಲ್ಲಿ ಮೇವು ಬೆಳೆಯುವುದನ್ನು ಕಂಡು ನಗುವ ಮುಂಚೆ ನಮ್ಮ ಒಣಸೀಮೆಯ ಕಬ್ಬಿನ ಗದ್ದೆಗಳನ್ನೂ ನೆನೆಯಬೇಕಾಗುತ್ತದೆ. ಗೀಲಾ ನದಿಯ ಸಮುದಾಯವು 2024ರಲ್ಲಿ ತನ್ನ ಕಾಲುವೆಯೊಂದರ ಮೇಲೆ ಸೌರಫಲಕಗಳ ಚಪ್ಪರ ಹಾಕಿತು: ನೀರು ಆವಿಯಾಗುವುದು ತಗ್ಗುತ್ತದೆ, ವಿದ್ಯುತ್ತೂ ಸಿಗುತ್ತದೆ. ಇದನ್ನು 2012ರಲ್ಲಿಯೇ ಗುಜರಾತಿನಲ್ಲಿ ನರ್ಮದಾ ಕಾಲುವೆಯ ಮೇಲೆ ಮಾಡಿ ತೋರಿಸಲಾಗಿತ್ತು.

ಅರಿಜೋನಾಕ್ಕೆ ಹೋದವರೆಲ್ಲ ಗ್ರ್ಯಾಂಡ್ ಕ್ಯಾನ್ಯನ್ ನೋಡದೆ ಬರುವುದಿಲ್ಲ. ಫೀನಿಕ್ಸಿನಿಂದ ಸುಮಾರು 370 ಕಿಲೋಮೀಟರ್. ದಾರಿಯಲ್ಲಿ ಕಳ್ಳಿಗಳು ಮುಗಿದು ಪೈನ್ ಕಾಡು ಆರಂಭವಾಗುತ್ತದೆ. ದಕ್ಷಿಣದ ಅಂಚು 2100 ಮೀಟರ್ ಎತ್ತರದಲ್ಲಿರುವುದರಿಂದ ಬೇಸಿಗೆಯಲ್ಲಿಯೂ ಹಿತವಾದ ಹವೆ. ಮೋಸವಿರುವುದು ಇಲ್ಲಿಯೇ. ಕೊಲರಾಡೋ ಹರಿಯುವ ತಳ ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿದ್ದು, ಅಲ್ಲಿ ಅದೇ ಮಧ್ಯಾಹ್ನ 40 ಡಿಗ್ರಿಗಿಂತ ಹೆಚ್ಚು ಉರಿಯುತ್ತಿರುತ್ತದೆ. ಬೆಟ್ಟ ಹತ್ತುವಾಗ ದಣಿವಾದರೆ ಅರ್ಧಕ್ಕೆ ಇಳಿದು ಬರಬಹುದು. ಇಲ್ಲಿ ಮೊದಲು ಇಳಿಯುವುದು, ದಣಿದ ಮೇಲೆ ಹತ್ತುವುದು. ಬೇಸಿಗೆಯಲ್ಲಿ ಬೆಳಗಿನ 10ರಿಂದ ಸಂಜೆ 4ರವರೆಗೆ ಒಳಗಿನ ಹಾದಿಯಲ್ಲಿ ನಡೆಯಬೇಡಿರೆಂದು ಉದ್ಯಾನದ ಸಿಬ್ಬಂದಿ ಬೇಡಿಕೊಳ್ಳುತ್ತಾರೆ. ಹಿರಿಯರಿಗೆ ಅಂಚಿನ ಮೇಲಿನ ಸಮತಟ್ಟಾದ ಹಾದಿ, ಉಚಿತ ಬಸ್ಸು ಇವು ಸಾಕು. ಹೋಗುವುದಾದರೆ ಏಪ್ರಿಲ್ ಇಲ್ಲವೆ ಅಕ್ಟೋಬರ್ ಉತ್ತಮ.

ಅಂಚಿನಲ್ಲಿ ನಿಂತು ನೋಡಿದರೆ ಕಮರಿಯೊಳಗಿನಿಂದ ಎದ್ದ ಶಿಖರಗಳಲ್ಲಿ ಒಂದರ ಹೆಸರು ಶಿವ ದೇಗುಲ. ಬ್ರಹ್ಮ, ವಿಷ್ಣು, ಬುದ್ಧ ಇವರ ಹೆಸರಿನ ಶಿಖರಗಳೂ ಇವೆ. ಅಲ್ಲಿ ನಮ್ಮವರಾರೂ ಗುಡಿ ಕಟ್ಟಿಲ್ಲ. ಕ್ಲಾರೆನ್ಸ್ ಡಟ್ಟನ್ ಎಂಬ ಭೂವಿಜ್ಞಾನಿ 1880ರ ದಶಕದಲ್ಲಿ ಈ ಕಮರಿಯನ್ನು ಕುರಿತು ಬರೆಯುತ್ತ, ಆ ಆಕಾರಗಳಿಗೆ ಪೂರ್ವದೇಶಗಳ ಹೆಸರುಗಳೇ ಸರಿಯೆಂದು ಬಗೆದ ಪರಿಣಾಮವಿದು. ಸುತ್ತಲೂ ಕಡಿದಾಗಿ, ನೆತ್ತಿಯಲ್ಲಿ ಚಪ್ಪಟೆಯಾಗಿ, ಪೈನ್ ಮರ ಹೊತ್ತು ನಿಂತಿರುವ ಶಿವ ದೇಗುಲದ ಮೇಲೆ ಸಾವಿರಾರು ವರ್ಷಗಳಿಂದ ಬೇರ್ಪಟ್ಟ ವಿಶೇಷ ಪ್ರಾಣಿಗಳು ಇರಬಹುದೆಂದು 1937ರಲ್ಲಿ ನ್ಯೂಯಾರ್ಕಿನ ನೈಸರ್ಗಿಕ ಇತಿಹಾಸ ಸಂಗ್ರಹಾಲಯವು ದೊಡ್ಡ ಪ್ರಚಾರದೊಡನೆ ಒಂದು ತಂಡವನ್ನು ಹತ್ತಿಸಿತು. ಪತ್ರಿಕೆಗಳು ಡೈನೋಸಾರುಗಳ ಮಾತನ್ನೂ ಆಡಿದವು. ಸಿಕ್ಕದ್ದು ಸಾಮಾನ್ಯ ಇಲಿ, ಅಳಿಲುಗಳು. ಹಿಂದೆ ಮೂಲನಿವಾಸಿಗಳು ಬಂದುಹೋದ ಗುರುತುಗಳು. ಜೊತೆಗೆ ಕ್ಯಾಮೆರಾ ಫಿಲ್ಮಿನ ಒಂದು ಖಾಲಿ ಡಬ್ಬಿ. ಅಂಚಿನಲ್ಲಿಯೇ ಸ್ಟುಡಿಯೋ ಇಟ್ಟುಕೊಂಡಿದ್ದ ಎಮರಿ ಕೋಲ್ಬ್ ಎಂಬ ಛಾಯಾಗ್ರಾಹಕ, ತಂಡ ತನ್ನನ್ನು ಸೇರಿಸಿಕೊಳ್ಳಲಿಲ್ಲವೆಂದು, ಅವರಿಗಿಂತ ಮುಂಚೆಯೇ ಸದ್ದಿಲ್ಲದೆ ಹತ್ತಿ ಅದನ್ನು ಅಲ್ಲಿಟ್ಟು ಬಂದಿದ್ದನಂತೆ. ಆತನ ಆ ಮನೆ ಇಂದಿಗೂ ಅಂಚಿನಲ್ಲಿದೆ. ಕಿಟಕಿಗಳಿಂದ ಕಮರಿ ಕಾಣುತ್ತದೆ, ಒಳಗೆ ಹೋಗಿ ನೋಡಬಹುದು.